ಹಿಡಿಕೆ ಮಾತ್ರ ಸರಿಯಿಲ್ಲ

ಆ ಚಾಕುವಿನ ಕಂಪನಿಯ ಹೆಸರನ್ನು ನಾನು ಹೇಳುವುದಿಲ್ಲ. ಬಸ್ಸಿನ ಬೆನ್ನ ಮೇಲೆ ಅದೇ, ಟಿವಿಯಲ್ಲಿ ವಾರ್ತೆಯ ನಡುವೆ ಅದೇ, ಫೋನು ತೆರೆದರೆ ಅಲ್ಲೂ ಅದೇ. ಒಬ್ಬ ಮೀಸೆಯ ಗಂಡಸು ಬೂಟು ಕೊಯ್ಯುತ್ತಾನೆ, ಅದೇ ಚಾಕುವಿನಲ್ಲಿ ಟೊಮ್ಯಾಟೊ ಕೊಯ್ಯುತ್ತಾನೆ, ಆಮೇಲೆ ನಮ್ಮ ಕಡೆ ತಿರುಗಿ ಹಲ್ಲು ಕಿರಿಯುತ್ತಾನೆ. ನಡುವೆ ಚಾಕು ತೊಳೆದದ್ದನ್ನು ನಾನು ಒಂದು ಸಲವೂ ನೋಡಿಲ್ಲ. ಇಷ್ಟು ಪ್ರಚಾರ ಅವರಿಗೆ ಸಾಕು, ನನ್ನದೂ ಬಿಟ್ಟಿಯಾಗಿ ಸೇರುವುದು ಬೇಡ. ನಮ್ಮ ಮನೆಯಲ್ಲಿ ಅದಕ್ಕೆ ಜಾಹೀರಾತು ಚಾಕು ಅನ್ನುತ್ತೇವೆ.

ಅದನ್ನು ತರಿಸಿದವಳು ನಾನೇ. ನನ್ನ ತಮ್ಮನಿಗೆ ಅದಕ್ಕಿಂತ ದೊಡ್ಡ ಅವಮಾನ ಬೇರೆ ಇರಲಿಲ್ಲ. ಅವನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಆದರೆ ಹೊಟ್ಟೆಪಾಡಿಗೆ ಕಟ್ಟು, ಪ್ರಾಣಕ್ಕೆ ಚಾಕು ಅನ್ನುವ ಜಾತಿ ಅವನದು. ಅವನ ಕೋಣೆಯ ಗೋಡೆಗೆ ಚಾಕುಗಳನ್ನು ಸಾಲಾಗಿ ತೂಗುಹಾಕಿದ್ದಾನೆ. ಒಂದರಲ್ಲೂ ಒಂದು ಈರುಳ್ಳಿ ಹೆಚ್ಚಿದ್ದು ನಾನು ಕಾಣೆ. ರಜಾದಿನ ಬಂತೆಂದರೆ ಅವನಂಥವರೇ ಇನ್ನಷ್ಟು ಜನ ನಮ್ಮ ಮುಂಬಾಗಿಲ ಕೋಣೆಯಲ್ಲಿ ಸೇರುತ್ತಾರೆ. ನಾನು ಅದಕ್ಕೆ ಕತ್ತಿವರಸೆ ಸಂಘ ಎಂದು ಹೆಸರಿಟ್ಟಿದ್ದೇನೆ.

ಸಂಘದವರನ್ನು ಬೀದಿಯಲ್ಲೂ ಗುರುತು ಹಿಡಿಯಬಹುದು. ಎಡಗೈ ಮೇಲೆ ಕೂದಲೇ ಇರುವುದಿಲ್ಲ. ಸಾಣೆ ಹಿಡಿದಾಗಲೆಲ್ಲ ಹರಿತ ಬಂತೋ ಇಲ್ಲವೋ ಎಂದು ಅಲ್ಲೇ ಬೋಳಿಸಿ ನೋಡುತ್ತಾರೆ. ಅವರಲ್ಲಿ ಹಲ್ಲಿನ ಡಾಕ್ಟರಮ್ಮ ಮಾತ್ರ ಪೇಪರು ಸೀಳಿ ನೋಡುತ್ತಾರೆ. ಆ ಚೂರುಗಳನ್ನು ಗುಡಿಸುವವಳು ನಾನು.

ನನ್ನ ಕೆಲಸ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುವುದು. ನಿನ್ನೆ ಮೊನ್ನೆ ಸೇರಿದವಳಲ್ಲ. ಅಪ್ಪ ತೀರಿಕೊಂಡ ವರ್ಷ ಆ ಮೇಜಿನ ಮುಂದೆ ನಿಂತವಳು, ತಮ್ಮನನ್ನು ಓದಿಸಿ, ಅಂಗಡಿ ಹಾಕಿಸಿ, ಇಂದಿಗೂ ಅಲ್ಲೇ ನಿಂತಿದ್ದೇನೆ. ನನಗೆ ಹೆಚ್ಚುವುದೆಂದರೆ ಇಷ್ಟ. ಮಣೆಯ ಮೇಲೆ ಚಾಕು ಓಡುವ ಸದ್ದು, ಪಕ್ಕದವಳ ಹರಟೆ, ಕೋಸಿನ ಗುಡ್ಡ ಕರಗುವುದು, ಇದೆಲ್ಲ ಬಿಟ್ಟು ನಾನು ಬೇರೆ ಯಾವುದಕ್ಕೂ ಸಲ್ಲುವವಳಲ್ಲ.

ಈ ವರ್ಷ ಅದೇ ಕ್ಯಾಂಟೀನಿನ ಅಡುಗೆಮನೆಯ ಒದ್ದೆ ನೆಲದಲ್ಲಿ ಜಾರಿ ಬಿದ್ದು ಬಲ ಮಣಿಕಟ್ಟು ಮುರಿಯಿತು. ಪ್ಲಾಸ್ಟರು ಹಾಕಿದರು, ಬಿಚ್ಚಿದರು, ಮೂಳೆ ಕೂಡಿದೆ ಎಂದರು. ಮೂಳೆ ಕೂಡಿತು, ಬೆರಳು ಕೂಡಲಿಲ್ಲ. ಮುಷ್ಟಿ ಕಟ್ಟಲು ಹೋದರೆ ಬೆರಳುಗಳು ಅರ್ಧ ದಾರಿಗೆ ನಿಂತುಬಿಡುತ್ತವೆ. ಅಲ್ಲಿಂದ ಮುಂದಕ್ಕೆ ಜೀವ ಹೋದರೂ ಬರುವುದಿಲ್ಲ. ಇದು ಗೊತ್ತಿದ್ದದ್ದು ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಟ್ಟ ಹುಡುಗಿಗೆ ಮಾತ್ರ. ಬೇರೆ ಯಾರು ಕೇಳಿದರೂ ‘ಎಲ್ಲಾ ಸರಿಹೋಯ್ತು’ ಎಂದೇ ಹೇಳುತ್ತಿದ್ದೆ. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಎತ್ತುವುದನ್ನು ಕಂಡು ತಮ್ಮ ಒಂದು ದಿನ, “ಏನಕ್ಕ, ಮಗು ಹಾಲು ಕುಡಿದ ಹಾಗೆ ಕುಡೀತೀಯ,” ಎಂದು ನಕ್ಕಿದ್ದ. ನಾನೂ ನಕ್ಕೆ.

ಹೆಡ್ ಕುಕ್ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು. “ಸೋಮವಾರ ಬಂದು ನನ್ನೆದುರು ಒಂದು ಬುಟ್ಟಿ ಹೆಚ್ಚಿ ತೋರಿಸಮ್ಮ. ಆಯ್ತೋ, ನಿನ್ನ ಜಾಗ ನಿನಗೆ. ಆಗ್ಲಿಲ್ವೋ, ಕೂಪನ್ ಕೌಂಟರಲ್ಲಿ ಕೂತ್ಕೊ.”

ಕೂಪನ್ ಕೌಂಟರ್ ಅಂದರೆ ಒಂದು ಗಾಜಿನ ಗೂಡು. ಒಳಗೆ ಒಂದು ಸ್ಟೂಲು, ಗಾಜಿನಲ್ಲಿ ಕೈ ತೂರುವಷ್ಟು ಕಿಂಡಿ. ಮಾತಾಡಿದರೆ ಯಾರಿಗೂ ಕೇಳಿಸುವುದಿಲ್ಲ. ಅಲ್ಲಿ ನಾನು ಒಂದು ವಾರ ಕೂತರೆ ಹುಚ್ಚು ಹಿಡಿಯುತ್ತದೆ.

ಮನೆಯ ಚಾಕುಗಳನ್ನೆಲ್ಲ ಹಿಡಿದು ನೋಡಿದೆ. ಯಾವುದೂ ಕೈಯಲ್ಲಿ ನಿಲ್ಲದು, ಎರಡು ಸಲ ಹೆಚ್ಚುವಷ್ಟರಲ್ಲಿ ತಿರುಗಿಕೊಳ್ಳುತ್ತಿತ್ತು. ಆಗ ಕಣ್ಣಿಗೆ ಬಿದ್ದದ್ದು ಆ ಮೀಸೆಯವನ ಚಾಕು. ಬೂಟೂ ಬೇಡ ಟೊಮ್ಯಾಟೊನೂ ಬೇಡ, ನಾನು ನೋಡಿದ್ದು ಅವನ ಮುಷ್ಟಿ. ಆ ಚಾಕುವಿನ ಹಿಡಿಕೆ ಎಷ್ಟು ದಪ್ಪವೆಂದರೆ ಅಷ್ಟು ದೊಡ್ಡ ಗಂಡಸಿನ ಬೆರಳೂ ಪೂರ್ತಿ ಸುತ್ತು ಬಂದಿರಲಿಲ್ಲ. ತರಿಸಿದೆ. ಮೆತ್ತಗಿನ ರಬ್ಬರು, ಸೌತೆಕಾಯಿಯಷ್ಟು ದಪ್ಪ. ನನ್ನ ಬೆರಳು ಎಲ್ಲಿ ನಿಲ್ಲುತ್ತಿದ್ದವೋ ಸರಿಯಾಗಿ ಅಲ್ಲಿಗೆ ಅದು ಬಂದು ಕೂತಿತು. ಮೊದಲ ಕ್ಯಾರೆಟ್ಟು ಹೆಚ್ಚಿದಾಗ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತುಬಿಟ್ಟೆ.

ಅಲ್ಲಿಂದ ನನಗೆ ಅದೇ ಕೆಲಸ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ, ಹೊತ್ತಿಲ್ಲ ಗೊತ್ತಿಲ್ಲ ಹೆಚ್ಚುವುದೇ ಹೆಚ್ಚುವುದು. ಅಕ್ಕಪಕ್ಕದ ಮನೆಯವರಿಗೆಲ್ಲ ಹೆಚ್ಚಿದ ಕ್ಯಾರೆಟ್ಟು ಹಂಚಿದೆ. ಅವರೂ ಕೊನೆಗೆ ಬಾಗಿಲು ತೆಗೆಯುವುದನ್ನು ಬಿಟ್ಟರು.

ಸೋಮವಾರದ ಹಿಂದಿನ ದಿನ ಸಂಘ ಸೇರಿತು. ನಾನು ಒಳಗೆ ಕ್ಯಾಂಟೀನಿನ ಕೋಟಿಗೆ ಇಸ್ತ್ರಿ ಹಾಕುತ್ತಿದ್ದೆ. ಇಸ್ತ್ರಿ ಮುಗಿದಿದ್ದರೂ ಮತ್ತೆ ಮತ್ತೆ ಅದರ ಮೇಲೇ ಎಳೆಯುತ್ತಿದ್ದೆ. ಹೊರಗೆ ಮಾತು ಜಾಹೀರಾತು ಚಾಕುವಿಗೆ ಬಂತು. ಬಾರದೆ ಇರುತ್ತದೆಯೇ, ಊರೆಲ್ಲ ಅದೇ ಮಾತು.

“ಬರೀ ಬಣ್ಣ ಸ್ವಾಮಿ ಅದು,” ಅಂದರು ವಾಚ್ ರಿಪೇರಿಯವರು. “ಅಲಗಿನ ಮೇಲೆ ಅಲೆ ಅಲೆ ಕಾಣುತ್ತಲ್ಲ, ಅದು ಬಡಿದು ಬಂದದ್ದಲ್ಲ, ಅಚ್ಚು ಹಾಕಿದ್ದು. ಉಕ್ಕು ಬೆಣ್ಣೆ. ನಾಲ್ಕು ದಿನಕ್ಕೆ ಮೊಂಡು.”

“ಬೆಣ್ಣೆ ಆದ್ರೆ ಒಳ್ಳೇದೇ ಅಲ್ವಾ?” ಅಂದರು ಡ್ರಿಲ್ ಮೇಷ್ಟ್ರು. “ಬೇಗ ಮೊಂಡಾದ್ರೆ ಬೇಗ ಸಾಣೆಯೂ ಹತ್ತುತ್ತೆ. ನಿಮ್ಮ ಆ ಗಟ್ಟಿ ಉಕ್ಕಿಗೆ ಸಾಣೆ ಹಿಡಿಯೋಕೆ ಕೂತ್ರೆ ಸಂಸಾರ ಮರೆತುಹೋಗುತ್ತೆ. ನಾನು ಹೇಳ್ತೀನಿ, ಮನೆಗೆ ಅದು ಧಾರಾಳ.”

“ಮೇಷ್ಟ್ರೇ, ಅವರು ನಿಮಗೇನಾದ್ರೂ ಒಂದು ಬಿಟ್ಟಿ ಕಳಿಸಿದ್ರಾ?” ಅಂದ ತಮ್ಮ.

ಎಲ್ಲರೂ ನಕ್ಕರು. ಡಾಕ್ಟರಮ್ಮ ಮಾತ್ರ ನಗಲಿಲ್ಲ. ಮೆಲ್ಲಗೆ, “ನಮ್ಮನೇಲಿ ಅವರದೇ ಪೂರ್ತಿ ಸೆಟ್ ಇದೆ,” ಅಂದರು. “ಬೈಬೇಡಿ. ಆ ಜಾಹೀರಾತು ನೋಡ್ತಾ ನೋಡ್ತಾ ಕೈ ತಾನೇ ಹೋಗಿ ಆರ್ಡರ್ ಒತ್ತಿಬಿಡ್ತು. ಕೆಟ್ಟದ್ದೇನಲ್ಲ ರೀ. ನಮ್ಮ ಕಿಚನ್ನಲ್ಲಿ ಅದೇ ಓಡ್ತಾ ಇರೋದು.”

ಅಲ್ಲಿಗೆ ಶುರುವಾಯಿತು ನೋಡಿ. ಒಬ್ಬರು ದುಡ್ಡೆಲ್ಲ ಜಾಹೀರಾತಿಗೇ ಹೋಗಿದೆ ಅನ್ನುವುದು, ಇನ್ನೊಬ್ಬರು ಹೊಟ್ಟೆಕಿಚ್ಚಿಗೆ ಬೈಯುತ್ತೀರಿ ಅನ್ನುವುದು. ಕಡೆಗೆ ತಮ್ಮ ಒಳಗೆ ಬಂದ. “ಅಕ್ಕ, ನಿನ್ನ ಚಾಕು ಒಂದ್ನಿಮಿಷ ಕೊಡು, ಎದುರಿಗಿಟ್ಕೊಂಡೇ ಮಾತಾಡ್ಲಿ.”

“ನೋಡಿ ವಾಪಸ್ಸಿಟ್ಬಿಡಿ. ನಾಳೆ ನಂಗೆ ಬೇಕು,” ಅಂದೆ.

ಚಾಕು ಕೈಯಿಂದ ಕೈಗೆ ಹೋಯಿತು. ಅಲಗಿನ ಮೇಲೆ ಜಗಳ ಮುಗಿಯಲೇ ಇಲ್ಲ. ಆದರೆ ಒಂದು ವಿಷಯಕ್ಕೆ ಎಲ್ಲರೂ ತಲೆದೂಗಿದ್ದು ನನಗೆ ಒಳಗೇ ಕೇಳಿಸಿತು. “ಹಿಡಿಕೆ ಮಾತ್ರ ಸರಿಯಿಲ್ಲ,” ಅಂದರು ವಾಚಿನವರು. “ಒನಕೆ ಹಿಡಿದ ಹಾಗಿದೆ,” ಅಂದರು ಮೇಷ್ಟ್ರು. “ಅದೊಂದು ನಾನೂ ಒಪ್ತೀನಿ,” ಅಂದರು ಡಾಕ್ಟರಮ್ಮ. ನನಗೆ ನಗು ಬಂತು, ಅಂದುಕೊಳ್ಳಲಿ ಬಿಡು ಎಂದು ತರಕಾರಿ ತರಲು ಚೀಲ ಹಿಡಿದು ಹೊರಟೆ. ಮನೆಯಲ್ಲಿದ್ದರೆ ಮತ್ತೆ ಇಸ್ತ್ರಿ ಪೆಟ್ಟಿಗೆ ಹಿಡಿಯುತ್ತಿದ್ದೆ.

ಬರುವಷ್ಟರಲ್ಲಿ ಸಂಘ ಎದ್ದು ಹೋಗಿತ್ತು, ತಮ್ಮ ಅಂಗಡಿಯಲ್ಲಿದ್ದ. ಚಾಕು ಕಾಣಲಿಲ್ಲ. ಫೋನು ಮಾಡಿದರೆ, “ಸಾಣೆ ಹಿಡಿದು ಕೊಡ್ತೀನಿ ಕಣಕ್ಕ, ಬೆಳಿಗ್ಗೆ ರೆಡಿ ಇರುತ್ತೆ. ನಮ್ಮ ಮೇಜಿನ ಮೇಲೆ ಬಂದ ಚಾಕು ಹಾಗೇ ವಾಪಸ್ ಹೋಗೋ ಪದ್ಧತಿ ಇಲ್ಲ,” ಅಂದ. ಸಾಣೆ ತಾನೇ, ಒಳ್ಳೆಯದೇ ಆಯಿತು ಎಂದುಕೊಂಡೆ.

ಬೆಳಿಗ್ಗೆ ಒಂದು ಉದ್ದನೆಯ ಪೆಟ್ಟಿಗೆ ಕೊಟ್ಟ. ಮೇಲೆ ಕೆಂಪು ಟೇಪಿನಲ್ಲಿ ಗಂಟು. ಅವನ ಮುಖ ಊರಗಲವಾಗಿತ್ತು. “ಇಲ್ಲಿ ತೆಗೀಬೇಡ. ಅಲ್ಲೇ ಹೋಗಿ ಎಲ್ಲರೆದುರು ತೆಗಿ.”

“ಏನೋ ಮಾಡಿದೀಯ?”

“ಹೋಗಕ್ಕ, ಬಸ್ಸು ತಪ್ಪುತ್ತೆ.”

ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಜನರ ನಡುವೆ ಚಾಕು ತೆಗೆಯುವುದು ಹೇಗೆ? ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತೆ. ಸ್ವಲ್ಪ ಅಲುಗಾಡಿಸಿದೆ. ಯಾಕೋ ಹಗುರ ಅನ್ನಿಸಿತು.

ಕ್ಯಾಂಟೀನಿನಲ್ಲಿ ನನ್ನ ಜಾಗದಲ್ಲಿ ಮಣೆ ಒರೆಸಿಟ್ಟಿದ್ದರು. ಪಕ್ಕದವಳು, “ಬಂದ್ಯಾ ಮಾರಾಯ್ತಿ, ನೀನಿಲ್ದೆ ಇಲ್ಲಿ ಬಾಯಿಗೆ ಬೀಗ ಹಾಕಿದ ಹಾಗಿತ್ತು,” ಅಂದಳು. ಹೆಡ್ ಕುಕ್ ಕೈಕಟ್ಟಿ ಎದುರಿಗೇ ನಿಂತರು. ಬುಟ್ಟಿಯ ತುಂಬ ಕೋಸು. ಗಂಟು ಬಿಚ್ಚಿ ಮುಚ್ಚಳ ತೆಗೆದೆ.

ಆ ರಬ್ಬರಿನ ಹಿಡಿಕೆ ಇರಲಿಲ್ಲ. ತಮ್ಮ ಅದನ್ನು ಕೊಯ್ದು ಎಸೆದು, ಫೋಟೋ ಕಟ್ಟಿಗೆ ಬಳಸುವ ಒಳ್ಳೆಯ ಮರದಲ್ಲಿ ಹೊಸ ಹಿಡಿಕೆ ಕೂರಿಸಿದ್ದ. ನುಣ್ಣಗೆ, ಸಣ್ಣಗೆ, ಹೆಬ್ಬೆರಳಿಗಿಂತ ಒಂದಿಷ್ಟು ದಪ್ಪ. ಎಣ್ಣೆ ಹಚ್ಚಿ ಉಜ್ಜಿದ್ದ. ಅಷ್ಟು ಚೆಂದದ ಕೆಲಸ ಅವನು ಅಂಗಡಿಯಲ್ಲೂ ಮಾಡಿದ್ದಿಲ್ಲ. ಪಕ್ಕದವಳು ಬಗ್ಗಿ ನೋಡಿ, “ಅಯ್ಯೋ, ಎಷ್ಟು ಲಕ್ಷಣವಾಗಿದೆ ಕಣೇ,” ಅಂದಳು. ಹಿಡಿದು ನೋಡಿದೆ, ಬೆರಳಿಗೂ ಮರಕ್ಕೂ ನಡುವೆ ಜಾಗ ಉಳಿಯಿತು.

ಒರೆಸುವ ಬಟ್ಟೆಯನ್ನು ಹಿಡಿಕೆಗೆ ಸುತ್ತಿದೆ. “ಯಾಕಮ್ಮ ಬಟ್ಟೆ?” ಅಂದರು ಹೆಡ್ ಕುಕ್. “ಹೊಸದು, ಜಾರುತ್ತೆ,” ಅಂದೆ. ಮೊದಲ ಕೋಸು ಹೇಗೋ ಆಯಿತು. ಎರಡನೆಯದಕ್ಕೆ ಬಟ್ಟೆ ನೆನೆದು ಸಡಿಲವಾಯಿತು. ಅಲಗಿಗೋ, ಬೆಂಕಿಯಂಥ ಹರಿತ. ಚಾಕು ಕೈಯಲ್ಲೇ ಗಿರಕ್ಕನೆ ತಿರುಗಿ, ಮಣೆಗೆ ಬಡಿದು, ನನ್ನ ಕಾಲಿನ ಪಕ್ಕದಲ್ಲಿ ಬಿತ್ತು.

ಹೆಡ್ ಕುಕ್ ಬಗ್ಗಿ ಚಾಕು ಎತ್ತಿ ದೂರ ಇಟ್ಟರು. “ಕೈ ತೋರ್ಸು. ಮುಷ್ಟಿ ಕಟ್ಟು.”

ಕಟ್ಟಿದೆ, ಎಷ್ಟು ಆಗುತ್ತದೋ ಅಷ್ಟು.

“ಎಲ್ಲಾ ಸರಿಹೋಯ್ತು ಅಂದಿದ್ಯಲ್ಲಮ್ಮ.”

“ಚಾಕು ಬೇರೆ ಇತ್ತು ಸಾರ್. ಅದರಲ್ಲಿ ನಾನು ಹೆಚ್ಚುತ್ತಿದ್ದೆ, ದೇವರಾಣೆ. ಬೇಕಾದ್ರೆ ನಮ್ಮ ಬೀದಿಯವರನ್ನ ಕೇಳಿ.”

“ಇದುವರೆಗೂ ನನಗೆ ಗೊತ್ತಿರ್ಲಿಲ್ಲ, ಈಗ ಗೊತ್ತಾಯ್ತು,” ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ. “ನಾಳೆ ನಿನ್ನ ಬೆರಳು ಕೋಸಿನ ಜೊತೆ ಹೋದ್ರೆ ನಾನ್ಯಾರಿಗೆ ಉತ್ತರ ಹೇಳ್ಲಿ? ಕೌಂಟರಿಗೆ ಹೋಗಮ್ಮ.”

ಹೋದೆ. ಗಾಜಿನ ಆಚೆ ಜನ ಬಾಯಿ ಆಡಿಸುತ್ತಿದ್ದರು. ನಾನು ಕಿಂಡಿಯಲ್ಲಿ ಕೂಪನ್ನು ತೂರಿಸುತ್ತಿದ್ದೆ. ಒಳಗಿನಿಂದ ಮಣೆಯ ಸದ್ದು ಬರುತ್ತಿತ್ತು. ಆ ಗೂಡಿನಲ್ಲಿ ಅದೊಂದು ಮಾತ್ರ ಚೆನ್ನಾಗಿ ಕೇಳಿಸುತ್ತದೆ ಎಂದು ನನಗೆ ಮೊದಲು ಗೊತ್ತಿರಲಿಲ್ಲ.

ಸಂಜೆ ಮನೆಗೆ ಬಂದಾಗ ತಮ್ಮ ಅಂಗಡಿ ಮುಚ್ಚಿ ಬಾಗಿಲಲ್ಲೇ ಕಾಯುತ್ತಿದ್ದ. “ಹೇಗಿತ್ತಕ್ಕ? ಎಲ್ಲರೂ ಏನಂದ್ರು?”

ಪೆಟ್ಟಿಗೆಯನ್ನು ಅವನ ಕಾಲ ಬುಡಕ್ಕೆ ಎಸೆದೆ. “ಯಾರೋ ಕೇಳಿದ್ರು ನಿನ್ನ ಹಿಡಿಕೇನ? ನನ್ನ ಕೆಲಸ ಹೋಯ್ತು. ಕೌಂಟರಲ್ಲಿ ಕೂರ್ಸಿದ್ರು. ಕೂತ್ಕೊಂಡು ಬಂದೆ.”

ಅವನ ಮುಖ ಬಿಳಿಚಿಕೊಂಡಿತು. “ನೀನು ಮತ್ತೆ ಕೆಲಸಕ್ಕೆ ಹೋಗೋ ದಿನ ಅಂತ ಮಾಡ್ದೆ ಅಕ್ಕ. ಬೆಳಗಿನ ಜಾವ ಎದ್ದು ಉಜ್ಜಿದೆ. ಆ ಹಿಡಿಕೆ ಒಂದು ಸರಿಯಿಲ್ಲ ಅಂತ ಎಲ್ಲರೂ...”

“ಎಲ್ಲರೂ ಅಂದ್ರೆ ಯಾರೋ? ಆ ಮುಂಗೈ ಬೋಳಿಸ್ಕೊಳ್ಳೋರಾ? ಆ ಹಿಡಿಕೆಗೋಸ್ಕರವೇ ಕಣೋ ನಾನು ಅದನ್ನ ತರ್ಸಿದ್ದು. ನಂಗೆ ಬೇಕಾದ್ದು ಅದೊಂದೇ.”

“ಇನ್ನೊಂದು ತರ್ಸೋಣ. ಈಗ್ಲೇ ತರ್ಸ್ತೀನಿ.”

“ಚಾಕು ಬರುತ್ತೆ. ಅವರು ನನ್ನ ಕೈ ನೋಡ್ಬಿಟ್ರಲ್ಲ, ಅದನ್ನ ಹ್ಯಾಗೆ ವಾಪಸ್ ತರ್ತೀಯ?”

“ಕೈಗೇನಾಗಿದೆ? ಸರಿಹೋಯ್ತು ಅಂದ್ಯಲ್ಲ.”

ಬೈಯಲು ಬಾಯಿ ತೆಗೆದೆ. ಎಷ್ಟು ಸಲ ಅಂದಿದ್ದೆ ಹಾಗೆ, ಅವನೂ ನಂಬಿದ್ದ. ಬಾಗಿಲ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಅವನು ಎದುರಿಗೆ ಕುಕ್ಕರುಗಾಲಲ್ಲಿ ಕೂತು ನನ್ನ ಬಲಗೈ ಎಳೆದುಕೊಂಡ. ತನ್ನ ಎರಡು ಬೆರಳುಗಳನ್ನು ನನ್ನ ಅಂಗೈಯಲ್ಲಿಟ್ಟ.

“ಅಮುಕು ನೋಡೋಣ.”

ಅಮುಕಿದೆ. ಹಲ್ಲು ಕಚ್ಚಿ, ಭುಜದಿಂದಲೇ ಬಲ ಹಾಕಿ ಅಮುಕಿದೆ. ಕಣ್ಣಲ್ಲಿ ನೀರು ಬಂತು. ಅವನು ನನ್ನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದ.

“ಅಮುಕಕ್ಕ, ಹೆದರ್ಬೇಡ. ನಂಗೇನೂ ನೋಯಲ್ಲ.”

“ಅಮುಕ್ತಾ ಇದೀನಿ ಕಣೋ,” ಅಂದೆ.