ಐದನೆಯ ತಿಂಗಳ ಬೆಲ್ಲ

ಇರುವೆಯೊಂದು, ತಟ್ಟೆಯ ಅಂಚಿನಿಂದ ಬೆಲ್ಲದ ತುಂಡಿನವರೆಗೆ ಹೋಗಿ, ನಿಂತು, ಮುಟ್ಟದೆ ಮತ್ತೆ ಅಂಚಿಗೆ — ಅದಕ್ಕೂ ಇಂದು ಉಪವಾಸವೇ, ನನ್ನ ಹಾಗೆ, ನಾಲಿಗೆ ಒಣಗಿದೆ, ತಂಬಿಗೆಯತ್ತ ನೋಡಬಾರದು, ನಕ್ಷತ್ರ ಕಾಣುವವರೆಗೆ ನೀರೂ ಸಲ್ಲದು, ಯೆಹೂದ್ಯರ ನಿಯಮ. ಶಾಲೆಯ ಮೈದಾನದಿಂದ ಮಕ್ಕಳ ಜಯಕಾರ, ಆಗಸ್ಟ್ ಹದಿನೈದು, ಮೂಡುಬಿದಿರೆಯೆಲ್ಲ ಧ್ವಜದ ಕಡೆ ತಲೆಯೆತ್ತಿದೆ, ನಾನೊಬ್ಬ ಎಂದೋ ಸುಟ್ಟುಹೋದ ಯೆರೂಸಲೇಮಿನ ಆಲಯಕ್ಕಾಗಿ ತಲೆ ತಗ್ಗಿಸಿ ಕುಳಿತವನು. ನೆರೆಮನೆಯ ಜೈನ ಧರ್ಣಪ್ಪನ ಪಂಚಾಂಗದಲ್ಲಿ ಶ್ರಾವಣ ಶುದ್ಧ ನವಮಿ ನೋಡಿ ಅವರ ಐದನೆಯ ತಿಂಗಳ ಒಂಬತ್ತನೆಯ ದಿನವನ್ನು ಗೊತ್ತುಮಾಡಿದೆ, ಅವನು ನಕ್ಕ, ಏನು ಮಾಸ್ಟ್ರೇ, ಏಸುವಿನ ಉಪವಾಸ ಸಾಲದೆಂದು ಯೆಹೂದ್ಯರದ್ದನ್ನೂ ಹಿಡಿದಿರಾ, ಉಪವಾಸ ಯಾರು ಬೇಕಾದ್ರೂ ಮಾಡ್ತಾರೆ ಮಾರಾಯ್ರೆ, ಪಾರಣೆ ಮಾಡ್ಲಿಕ್ಕೆ ಗೊತ್ತಿರಬೇಕು, ಪಾರಣೆ ಇಲ್ಲದ್ದು ವ್ರತವಲ್ಲ, ಬರೀ ಹಸಿವು.

ಎದುರಿನ ಬೆಂಚಿನಲ್ಲಿ ಬಂಟ್ವಾಳದ ಕಂಪೌಂಡರ್, ನಮ್ಮ ಕ್ರೈಸ್ತ ಸಭೆಯವನೇ, ಹೆಂಡತಿ ಸತ್ತವನು, ನನ್ನ ಸೊಸೆ ಕಾಂತಿಯನ್ನು ಮದುವೆಗೆ ಕೇಳಲು ಬಂದಿದ್ದಾನೆ. ಅವಳು ಬೆಲ್ಲವನ್ನೂ ನೀರನ್ನೂ ತಂದಿಟ್ಟು ಒಳಗೆ ಹೋದಳು, ತೆಗೆದುಕೊಳ್ಳಿ ಎಂದೆ, ನೀವು ಮುಟ್ಟದೆ ನಾನು ಹೇಗೆ ಮುಟ್ಟುವುದು ಮಾಸ್ಟ್ರೇ, ಎಂದ. ಸಭ್ಯ. ಕಾಲರು ಹರಿದಿದೆ, ಹೊಲಿದುಕೊಡುವವರಿಲ್ಲ. ಐದು ವರ್ಷದ ಹಿಂದೆ ಇದೇ ತಿಂಗಳು ನನ್ನ ಮಗ, ಅವಳ ಗಂಡ, ಜ್ವರದಲ್ಲಿ ಹೋದ, ಅಂದಿನಿಂದ ಈ ಉಪವಾಸ, ಅಂದಿನಿಂದ ಅವಳಿಗೆ ಬಿಳಿ ಸೀರೆ, ಬೈಬಲಿನಲ್ಲಿ ಬೇತೇಲ್ ಊರಿನವರು ಪ್ರವಾದಿಯನ್ನು ಕೇಳಿದ್ದೂ ಇದನ್ನೇ, ಇಷ್ಟು ವರ್ಷ ಅತ್ತಂತೆ ಐದನೆಯ ತಿಂಗಳಲ್ಲಿ ಇನ್ನೂ ಅಳಬೇಕೋ — ನಾಲ್ಕನೆಯ ತಿಂಗಳ ಉಪವಾಸ ಯೆರೂಸಲೇಮಿನ ಗೋಡೆ ಒಡೆದದ್ದಕ್ಕೆ, ಐದನೆಯದು ಆಲಯ ಉರಿದದ್ದಕ್ಕೆ, ಏಳನೆಯದು ಅಧಿಪತಿಯ ಕೊಲೆಗೆ, ಹತ್ತನೆಯದು ಮುತ್ತಿಗೆಗೆ, ನಾಲ್ಕು ಉಪವಾಸಗಳೂ ಲೋಕದ ಕಡೇ ದಿನಗಳಲ್ಲಿ ಹಬ್ಬವಾಗುವುವು ಎಂದು ಮಾತು ಕೊಡಲಾಗಿದೆ. ಎಂದು? ಜೂನಿನಲ್ಲಿ ರೇಡಿಯೊ ಯೆರೂಸಲೇಮು ಮತ್ತೆ ಯೆಹೂದ್ಯರ ಕೈಸೇರಿದ ಸುದ್ದಿ ಹೇಳಿದಂದಿನಿಂದ ಪ್ರವಾದನೆಯ ವರ್ಷಗಳನ್ನು ಭಾಗಿಸುತ್ತಿದ್ದೇನೆ, ಪ್ರತಿ ಸಲವೂ ಶೇಷ ಉಳಿಯುತ್ತದೆ. ನಿನ್ನೆ ಸಂಜೆ ಗಂಜಿ ಬಡಿಸುತ್ತಾ ಕಾಂತಿ ಕೇಳಿದಳು, ಮಾವ, ನಿಮ್ಮ ಕಡೇ ದಿನದ ಲೆಕ್ಕ ಸರಿಯಾಗುವವರೆಗೆ ನಾನು ಕಾಯಬೇಕಾ? ನಾನು ಸೌಟನ್ನು ನೋಡಿದೆ.

ಬಸ್ಸಿಗೆ ಹೊತ್ತಾಯಿತು, ನಾನು ಬರ್ತೇನೆ ಮಾಸ್ಟ್ರೇ, ಅವನು ಕೊಡೆ ಎತ್ತಿಕೊಂಡ. ಬಾಗಿಲ ಮರೆಯಲ್ಲಿ ಬಿಳಿ ಸೆರಗು ಅಲುಗಿತು, ತುಟಿ ಬಿಳಚಿದೆ, ಇವಳೂ ಬೆಳಗಿನಿಂದ ಏನೂ ಮುಟ್ಟಿಲ್ಲ, ಐದು ವರ್ಷವೂ ಈ ದಿನ ಮುಟ್ಟಿರಲಿಲ್ಲ, ನಾನು ಕೇಳಿರಲಿಲ್ಲ — ಹಬ್ಬವಾಗುವುದೆಂದರೆ ಯಾರಾದರೊಬ್ಬರು ಮೊದಲು ಉಣ್ಣಬೇಕಲ್ಲ, ನಕ್ಷತ್ರಕ್ಕೆ ಇನ್ನೂ ಬಹಳ ಹೊತ್ತು ಉಂಟು, ಇರಲಿ, ಕೂತುಕೊಳ್ಳಿ ಎಂದೆ ಅವನಿಗೆ, ಮದುವೆಯ ಮಾತಾಡಿ ಮುಂದಿನ ಬಸ್ಸಿಗೆ ಹೋಗುವಿರಂತೆ, ಕಾಂತೀ, ಬಾ ಇಲ್ಲಿ, ಬೆಲ್ಲ ನೀನೇ ಎತ್ತಿಕೊಡಮ್ಮ ನನಗೆ. ಬಂದಳು, ಇರುವೆಯನ್ನು ಊದಿದಳು, ಮಕ್ಕಳು ಮತ್ತೆ ಜಯ ಎನ್ನುತ್ತಿದ್ದಾರೆ, ಮೊದಲು ನೀನು ಎಂದೆ, ನೀವು ಎಂದಳು, ಅವಳ ಅಂಗೈ, ಅಂಗೈಯಲ್ಲಿ ಬೆಲ್ಲದ ತುಂಡು, ನನ್ನ ಒಣ ನಾಲಿಗೆಯ ಮೇಲೆ ಬೆಲ್ಲದ ತುಂಡು —