ಬದಲಾಯಿಸದೆ ಬಿಟ್ಟ ಭಾಷೆ

ಅಕ್ಕ ಹೋಗಿ ಹದಿನೆಂಟು ದಿನವಾಯಿತು. ಅಂದಿನಿಂದ ಟೈಪಿಂಗ್ ಅಂಗಡಿಯ ಕಂಪ್ಯೂಟರು ನನ್ನ ಮಾತು ಕೇಳುತ್ತಿಲ್ಲ. ಇಂಗ್ಲಿಷಿಗೆ ಹಾಕಿಕೊಂಡು ಕೂತರೆ ಅರ್ಧ ಸಾಲಿಗೆ ತಾನಾಗಿ ಕನ್ನಡಕ್ಕೆ ಹೊರಳುತ್ತದೆ. ಯಾರದೋ ಬಾಡಿಗೆ ಕರಾರು ತಲೆಬುಡವಿಲ್ಲದ ಕನ್ನಡ ಅಕ್ಷರಗಳ ರಾಶಿಯಾಗುತ್ತದೆ. "ಕೈ ಎಲ್ಲೋ ತಾಗಿರತ್ತಮ್ಮ," ಅನ್ನುತ್ತಾರೆ ಯಜಮಾನರು. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ಕೈ, ಎಲ್ಲಿ ತಾಗುತ್ತದೆ ಅಂತ ನನಗೆ ಗೊತ್ತಿಲ್ಲವೇ? ದೆವ್ವ ಗಿವ್ವ ನಂಬುವವಳಲ್ಲ ನಾನು. ಆದರೂ ಬೆನ್ನ ಹಿಂದೆ ಯಾರೋ ನಿಂತು, ಏಳು, ನನ್ನ ಹೊತ್ತಾಯಿತು ಅಂತ ಕಾಯುತ್ತಿರುವಂತೆ ಅನಿಸಿ ಕುತ್ತಿಗೆ ತಣ್ಣಗಾಗುತ್ತದೆ.

ಇಬ್ಬರಿಗೂ ಒಂದೇ ಕಂಪ್ಯೂಟರು. ಬೆಳಗ್ಗೆ ಒಂಬತ್ತರಿಂದ ಒಂದರವರೆಗೆ ಅಕ್ಕನ ಕನ್ನಡದ ಕೆಲಸ, ಆಮೇಲೆ ನನ್ನ ಇಂಗ್ಲಿಷಿನದು. ಏಳುವವರು ಮುಂದೆ ಕೂರುವವರ ಭಾಷೆಗೆ ಹಾಕಿ ಏಳಬೇಕು ಎಂಬುದು ಅಕ್ಕ ಮಾಡಿದ ನೇಮ. ಅವಳು ಟೈಪು ಮಾಡುವಾಗ ಪರದೆ ನೋಡುವವಳೇ ಅಲ್ಲ. ಕಣ್ಣು ಕಾಗದದ ಮೇಲೆ, ಬೆರಳು ತಮ್ಮ ಪಾಡಿಗೆ.

ನಾಲ್ಕು ತಿಂಗಳ ಹಿಂದೆ ಗಿರಾಕಿಗಳೆದುರು ಅವಳು ನನ್ನ ತಪ್ಪು ಎತ್ತಿ ಆಡಿದಳು. ಅಂದೇ ಮಾತು ಬಿಟ್ಟೆ. ಅವಳ ಫೋನೂ ಎತ್ತಲಿಲ್ಲ. ಕೆಲಸದ ವಿಷಯ ಏನಿದ್ದರೂ ಕಂಪ್ಯೂಟರಿನ ಒಂದು ಫೈಲಿನಲ್ಲಿ ಬರೆದಿಡುತ್ತಿದ್ದೆವು. ಅಷ್ಟು ಸಾಲದೆಂದು, ಎದ್ದು ಹೋಗುವಾಗ ಭಾಷೆ ಬದಲಾಯಿಸುವುದನ್ನೂ ಬಿಟ್ಟೆ. ಅವಳು ಪುಟವಿಡೀ ಕುಟ್ಟಿ ತಲೆಯೆತ್ತಿದರೆ ಇಂಗ್ಲಿಷ್ ಅಕ್ಷರಗಳ ಕಸ. ಯಜಮಾನರು ಅದನ್ನು ಹೇಳಿದಾಗ ನನಗೆ ಹಾಲು ಕುಡಿದಷ್ಟು ಸಂತೋಷ. ಅಕ್ಕ ಮಾತ್ರ ಒಂದು ದಿನವೂ ತಪ್ಪದೆ ನನ್ನ ಭಾಷೆಗೆ ಹಾಕಿಯೇ ಏಳುತ್ತಿದ್ದಳು. ಅದಕ್ಕೂ ನನಗೆ ಮೈ ಉರಿಯುತ್ತಿತ್ತು.

ಕೊನೆಯ ದಿನ ಅವಳು ಬಂದ ಹತ್ತೇ ನಿಮಿಷಕ್ಕೆ, ತಲೆನೋವೆಂದು ಯಜಮಾನರಿಗೆ ಹೇಳಿ ಮನೆಗೆ ಹೋಗಿದ್ದಳು. ಒಂದು ಗಂಟೆಗೆ ನಾನು ಬಂದಾಗ ಆ ಫೈಲಿನಲ್ಲಿ ಎರಡು ಸಾಲು ಕಸವಿತ್ತು. ಭಾಷೆ ನೋಡದೆ ಕನ್ನಡ ಕುಟ್ಟಿದ್ದಾಳೆ ಅಂತ ಕೂಡಲೇ ಗೊತ್ತಾಯಿತು. ಕನ್ನಡಕ್ಕೆ ಹಾಕಿ ಅದೇ ಕೀಲಿಗಳನ್ನು ಒತ್ತಿದ್ದರೆ ಐದು ನಿಮಿಷದಲ್ಲಿ ಓದಬಹುದಿತ್ತು. ಬೇಕಿದ್ದರೆ ನಾಳೆ ಮತ್ತೆ ಬರೆಯಲಿ ಅಂದುಕೊಂಡೆ. ಕೆಳಗೆ "ಇದು ಒರಳಲ್ಲ, ನೋಡಿ ಕುಟ್ಟು" ಅಂತ ಬರೆದು ನನ್ನ ಕೆಲಸಕ್ಕೆ ಕೂತೆ.

ಸಂಜೆ ಏಳಕ್ಕೆ ಪಕ್ಕದ ಮನೆಯವರು ಬಾಗಿಲು ಒಡೆದರು. ಅಕ್ಕ ಅಡುಗೆಮನೆಯ ನೆಲದ ಮೇಲಿದ್ದಳು. ಹೃದಯಾಘಾತ, ಪ್ರಾಣ ಹೋದದ್ದು ನಾಲ್ಕರ ಸುಮಾರಿಗೆ ಅಂದರು ಡಾಕ್ಟರು. ಭಾವ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು.

ಆ ಫೈಲನ್ನು ನಾನು ಮತ್ತೆ ತೆರೆದಿರಲಿಲ್ಲ.

ಇವತ್ತು ಮಧ್ಯಾಹ್ನ ಭಾವ ಅಂಗಡಿಗೆ ಬಂದರು, ಅಕ್ಕನ ಕನ್ನಡಕ ತೆಗೆದುಕೊಂಡು ಹೋಗಲು. ಕೆನ್ನೆ ಒಳಗೆ ಹೋಗಿತ್ತು.

"ನಿನಗಾದ್ರೂ ಏನಾದ್ರೂ ಹೇಳಿದ್ಲಾ?" ಅಂದರು. ಇದು ನಾಲ್ಕನೆಯ ಸಲ. "ಅಷ್ಟು ನೋವಿದ್ರೂ ನನಗೊಂದು ಫೋನ್ ಮಾಡ್ಲಿಲ್ಲ. ಒಬ್ಬಳೇ ನುಂಗ್ಕೊಂಡು ಹೋದ್ಲು. ಯಾರೂ ಬರಲ್ಲ ಅಂತ ಅಂದ್ಕೊಂಡ್ಲಾ?"

ಮೂರು ಸಲವೂ "ಇಲ್ಲ ಭಾವ" ಅಂದಿದ್ದೆ. ಇವತ್ತು ಆ ಫೈಲು ತೆರೆದೆ. ಕನ್ನಡಕ್ಕೆ ಹಾಕಿ, ಆ ಕಸವನ್ನು ನೋಡಿಕೊಂಡು ಒಂದೊಂದೇ ಕೀಲಿ ಒತ್ತುತ್ತ ಹೋದೆ. ಹದಿನೆಂಟು ದಿನ ಕಾಡಿದ ಕಂಪ್ಯೂಟರು ಈಗ ಒಮ್ಮೆಯೂ ಹೊರಳಲಿಲ್ಲ.

"ಎದೆ ತುಂಬಾ ನೋಯ್ತಿದೆ. ನಿಮ್ಮ ಭಾವ ಊರಲ್ಲಿಲ್ಲ, ಗಾಬರಿ ಆಗ್ತಾರೆ. ಫೋನ್ ಮಾಡಿದ್ರೆ ನೀನು ಎತ್ತಲ್ಲ. ಇದನ್ನ ನೋಡಿದ ತಕ್ಷಣ ಮನೆಗೆ ಬಾ, ಆಸ್ಪತ್ರೆಗೆ ಹೋಗೋಣ. ಸಿಟ್ಟು ಆಮೇಲೆ ಮಾಡ್ಕೋ."

ಭಾವ ನನ್ನ ಭುಜದ ಮೇಲಿನಿಂದ ಬಾಗಿ ಓದಿದರು. ಅದರ ಮೇಲಿನ ಸಾಲಿನಲ್ಲಿದ್ದ ನನ್ನ ಒರಳಿನ ಮಾತನ್ನೂ ಓದಿದರು.

"ಇದನ್ನ ಯಾವಾಗ ನೋಡ್ದೆ?"

"ಅವತ್ತೇ, ಭಾವ. ಒಂದು ಗಂಟೆಗೆ. ಬೇಕಂತಲೇ ಓದ್ಲಿಲ್ಲ."

ಅವರು ಅಂಗಿಯ ತುದಿಯಿಂದ ಅಕ್ಕನ ಕನ್ನಡಕ ಒರೆಸಿ ಜೇಬಿಗೆ ಹಾಕಿಕೊಂಡರು.

"ನೀನು ಬರ್ತೀಯ ಅಂತ ಕಾಯ್ತಾ ಇದ್ಲು," ಅಂದರು.

ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.