ಜೋಗಪ್ಪ ಸುಧಾರಿಸಿದ್ದಾನೆ

ದೇವಸಮುದ್ರದ ಬಸ್‌ಸ್ಟಾಪಿನಲ್ಲಿ ಇಳಿದ ತಮ್ಮನನ್ನು ನಿಂಗಕ್ಕ ತಕ್ಷಣಕ್ಕೆ ಗುರುತು ಹಿಡಿಯಲಿಲ್ಲ. ಇಸ್ತ್ರಿ ಮಾಡಿದ ನೀಲಿ ಅಂಗಿ, ಕತ್ತಿನ ತನಕ ಹಾಕಿದ ಗುಂಡಿ, ಎಣ್ಣೆ ಹಚ್ಚಿ ಬಾಚಿದ ತಲೆ. ಇಳಿದವನು ಎದೆಯ ಮೇಲೆ ಕೈ ಕಟ್ಟಿ ರಸ್ತೆಯ ಅಂಚಿಗೆ ನಿಂತ. ಅವನ ಮುಂದೆ ಯಾರೂ ಇರಲಿಲ್ಲ, ಹಿಂದೆಯೂ ಇರಲಿಲ್ಲ. ಆದರೂ ಸಾಲಿನಲ್ಲಿ ನಿಂತವನ ಹಾಗೆ ನಿಂತಿದ್ದ. ಕಿವಿಯ ಪಕ್ಕದ ಕೂದಲು ಬೆಳ್ಳಗಾಗುತ್ತಿದ್ದ ಗಂಡಸು.

"ಜೋಗಾ," ಅಂದಳು ನಿಂಗಕ್ಕ.

"ನಮಸ್ತೆ ಮಿಸ್," ಅಂದ ಅವನು.

ಅವನ ಜೊತೆ ಬಂದು ಆಗಷ್ಟೇ ಬಸ್ಸಿನಿಂದ ಇಳಿದ ತೇಜಶ್ರೀ ಅದನ್ನು ಕೇಳಿಸಿಕೊಂಡಳು.

ಜೋಗಪ್ಪನ ಮೈ ಬೆಳೆದಷ್ಟು ಬುದ್ಧಿ ಬೆಳೆದಿರಲಿಲ್ಲ. ಚಳ್ಳಕೆರೆಯಲ್ಲಿ, ಎಣ್ಣೆ ಮಿಲ್ಲೊಂದರ ಹಿಂದೆ, ಇಂಥವರಿಗಾಗಿ ಒಂದು ಟ್ರಸ್ಟಿನವರು ಬಾಡಿಗೆ ಮನೆ ಹಿಡಿದು ನಡೆಸುತ್ತಿದ್ದರು. ಆರು ಜನ ಗಂಡಸರು, ಒಬ್ಬಳು ಅಡಿಗೆಯವಳು, ನೋಡಿಕೊಳ್ಳುವುದಕ್ಕೆ ಒಬ್ಬ ಮಿಸ್ಸು. ಇದು ಆಶ್ರಮವಲ್ಲ, ಆಸ್ಪತ್ರೆಯಲ್ಲ, ಮನೆ ಎಂದು ಗೇಟಿನ ಮೇಲೆ ಬಣ್ಣದಲ್ಲಿ ಬರೆಸಿದ್ದರು. ಗೇಟಿಗೆ ಬೀಗವೂ ಇತ್ತು. ಜೋಗಪ್ಪ ಅಲ್ಲಿ ಸೇರಿ ಎರಡು ವರ್ಷವಾಗಿತ್ತು. ಸರ್ಕಾರದ ಅನುದಾನ ಮುಂದುವರಿಯಬೇಕಾದರೆ ಅಲ್ಲಿಯ ಆರೈಕೆ ಹೇಗಿದೆ ಎಂದು ಹೊರಗಿನವರೊಬ್ಬರು ನೋಡಿ ವರದಿ ಕೊಡಬೇಕು. ಈ ಸಲ ಆ ಕೆಲಸ ತೇಜಶ್ರೀಯ ಪಾಲಿಗೆ ಬಂದಿತ್ತು.

ಅವಳು ಆ ಮನೆಯನ್ನು ನೋಡಿದ್ದಳು. ನೆಲ ಹೊಳೆಯುತ್ತಿತ್ತು. ಮೊಟ್ಟೆ, ಹಣ್ಣು, ಸೊಳ್ಳೆಪರದೆ, ಗೋಡೆಗೆ ಟೀವಿ, ಎಲ್ಲ ಇತ್ತು. ಆರೂ ಜನ ಎದ್ದು ನಿಂತು ಒಂದೇ ದನಿಯಲ್ಲಿ ನಮಸ್ತೆ ಹೇಳಿದ್ದರು. "ಊಟ ಚೆನ್ನಾಗಿದೆಯಾ?" ಅಂದರೆ ಹೂಂ ಅಂದರು. "ಊಟ ಚೆನ್ನಾಗಿಲ್ಲವಾ?" ಅಂದರೂ ಹೂಂ ಅಂದರು. ಅವಳು ಪುಸ್ತಕ ಮುಚ್ಚಿ, ಇವರಲ್ಲಿ ಒಬ್ಬರನ್ನು ಅವರ ಊರಿಗೆ ಕರೆದುಕೊಂಡು ಹೋಗಿ ಒಂದು ದಿನ ಜೊತೆಗಿದ್ದು ನೋಡುತ್ತೇನೆ ಎಂದಳು. ಟ್ರಸ್ಟಿನವರಿಗೆ ಅದು ಹಿಡಿಸಲಿಲ್ಲ. ಊರಿಗೆ ಹೋದರೆ ಹುಡುಗರು ಕೆಡುತ್ತಾರೆ ಎಂದರು. ಅವರ ಹುಡುಗರಲ್ಲಿ ಒಬ್ಬನಿಗೆ ಐವತ್ತಾಗಿತ್ತು.

ಮನೆಯ ಮುಂದೆ ನಿಂಗಕ್ಕನ ಗಂಡ ವೀರೇಶ ಮಂಚ ಹಾಕಿಸಿದ್ದ. ಪಕ್ಕದ ಮನೆಯ ಕಾಟಮ್ಮ ಆಗಲೇ ಬಂದು ಕೂತಿದ್ದಳು.

"ಬಾರಪ್ಪ ಸಾಹೇಬಾ," ಅಂದ ವೀರೇಶ. "ಏನ್ ಲೇ, ನನಗಿಂತ ಬೆಳ್ಳಗಾಗಿದೀಯ. ಕೂತ್ಕ."

ಕೂತ್ಕ ಅಂದ ಮೇಲೆ ಜೋಗಪ್ಪ ಕೂತ. ಬೆನ್ನು ನೆಟ್ಟಗೆ, ಕೈ ಕಟ್ಟಿಕೊಂಡು.

"ಅಯ್ಯೋ, ಎಷ್ಟು ಚೆನ್ನಾಗಿ ಕೂತವ್ನೆ ನೋಡೇ ನಿಂಗಿ," ಅಂದಳು ಕಾಟಮ್ಮ. "ಮದ್ಲು ಒಂದು ಕಡಿಗೆ ನಿಂತೋನಾ ಇವ್ನು? ಊರೆಲ್ಲ ಹಾರಾಡಾನು. ಮೇಡಂ, ನಮ್ಮ ಯಜಮಾನ್ರನ್ನೂ ಒಂದಾರು ತಿಂಗ್ಳು ಸೇರಿಸ್ಕತಾರಾ ಅಲ್ಲಿ?"

"ನನ್ನ ಮಗನ್ನ ಮದ್ಲು ಸೇರಿಸ್ಕಳ್ಳಿ," ಅಂದ ವೀರೇಶ. "ಮೊಬೈಲ್ ಹಿಡ್ಕಂಡು ಕೂತ್ರೆ ಕರೆದ್ರೂ ತಿರುಗಲ್ಲ ಬಡ್ಡಿಮಗ."

ಎಲ್ಲರೂ ನಕ್ಕರು. ಜೋಗಪ್ಪ ಎಲ್ಲರ ಮುಖ ನೋಡಿ, ನಗಬಹುದು ಅನ್ನಿಸಿದ ಮೇಲೆ ನಕ್ಕ. ನಿಂಗಕ್ಕನ ಎದೆ ಹಗುರಾಯಿತು. ಚಳ್ಳಕೆರೆಗೆ ಅಪರೂಪಕ್ಕೆ ಹೋದಾಗೆಲ್ಲ ಅವಳಿಗೆ ಅರ್ಧ ಗಂಟೆ ಮಾತ್ರ ಹಜಾರದಲ್ಲಿ ಕೂರಲು ಬಿಡುತ್ತಿದ್ದರು. ಅಲ್ಲೂ ತಮ್ಮ ಹೀಗೇ ಕೂತಿರುತ್ತಿದ್ದ. ಹೊಸ ಜಾಗದ ಸಂಕೋಚ ಅಂದುಕೊಂಡಿದ್ದಳು. ಈಗ ತನ್ನ ಮನೆಯ ಮುಂದೆಯೂ ಹೀಗೇ ಕೂತಿದ್ದಾನೆಂದರೆ ತಮ್ಮ ನಿಜವಾಗಿ ಸುಧಾರಿಸಿದ್ದಾನೆ. ನಾನು ಮಾಡಿದ್ದು ತಪ್ಪಲ್ಲ. ಇದೊಂದು ಮಾತು ಅವಳಿಗೆ ಬೇಕಾಗಿತ್ತು. ಎರಡು ವರ್ಷದಿಂದ ಬೇಕಾಗಿತ್ತು.

ಬಿಸಿಲೇರಿತು. ಮಂಚದ ಪಕ್ಕದಲ್ಲೇ ನೀರಿನ ಬಿಂದಿಗೆ ಇತ್ತು, ಮೇಲೆ ಚೊಂಬು. ಜೋಗಪ್ಪ ಅದನ್ನು ನೋಡುತ್ತ ಕೂತಿದ್ದ. ತುಟಿ ಒಣಗಿ ನಾಲಿಗೆಯಲ್ಲಿ ಸವರಿಕೊಳ್ಳುತ್ತಿದ್ದ. ತೇಜಶ್ರೀ ಅವನನ್ನೇ ಗಮನಿಸುತ್ತಿದ್ದಳು. ನಿಂಗಕ್ಕ ಒಳಗೆ ಮುದ್ದೆ ತಿರುವಿ ಹೊರಗೆ ಬರುವ ತನಕವೂ ಅವನು ಅಲುಗಲಿಲ್ಲ.

"ನೀರು ಬೇಕೇನೋ?" ಅಂದಳು ಅಕ್ಕ.

"ಕುಡೀಲಾ ಮಿಸ್?"

"ಕುಡಿಯೋ, ನಿನ್ನ ಮನೆ ನೀರಿಗೆ ಯಾರನ್ನ ಕೇಳ್ತೀಯ?"

ಅವನು ಒಂದೇ ಉಸಿರಿಗೆ ಮೂರು ಚೊಂಬು ಕುಡಿದ. ಅಂಗಿ ನೆನೆಯಿತು. ನೆನೆದದ್ದು ಕಂಡೊಡನೆ ಅವನ ಮುಖ ಬಿಳಿಚಿಕೊಂಡಿತು. ಎಡಗೈ ಮುಂದೆ ಚಾಚಿ, ಬಲಗೈಯಿಂದ ಅದರ ಮೇಲೆ ಪಟಾರನೆ ಹೊಡೆದುಕೊಂಡ. ಆಮೇಲೆ ಹೆಣ್ಣು ದನಿಯಲ್ಲಿ, ಚಳ್ಳಕೆರೆಯ ಪೇಟೆಯ ಕನ್ನಡದಲ್ಲಿ ಹೇಳಿದ:

"ಜೋಗಪ್ಪ ಒಳ್ಳೆಯವನಲ್ಲ. ಜೋಗಪ್ಪನಿಗೆ ಇವತ್ತು ಟೀವಿ ಇಲ್ಲ."

ಕಾಟಮ್ಮ ನಗಲು ಹೋದವಳು ನಗಲಿಲ್ಲ.

ಅದು ಏಟೇನೂ ದೊಡ್ಡದಲ್ಲ. ಕೈ ಮುರಿಯಲಿಲ್ಲ, ಬಾಸುಂಡೆ ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು, ಫೋಟೋ ಹಿಡಿಯಬಹುದಿತ್ತು. ಗಾಯವಾದರೆ ಮಾತ್ರ ಎದ್ದು ಕೂರುವ ಈ ನಾಡಿನ ಕಾನೂನಿಗೆ, ಒಬ್ಬ ಗಂಡಸು ತನ್ನನ್ನು ತಾನೇ ಕಾವಲು ಕಾಯುವಂತೆ ಮಾಡಿದ್ದು ಕಾಣುವುದಿಲ್ಲ. ಅದಕ್ಕೆ ಶಿಸ್ತು ಎಂದು ಹೆಸರಿಟ್ಟು ಅಂಕ ಕೊಡುತ್ತಾರೆ.

ಊಟಕ್ಕೆ ಕೂತಾಗ ಮುದ್ದೆ ತಟ್ಟೆಯಲ್ಲಿ ಆರುತ್ತಿತ್ತು. ಎಲ್ಲರೂ ತಿಂದರು, ಜೋಗಪ್ಪ ಮುಟ್ಟಲಿಲ್ಲ. ಚಳ್ಳಕೆರೆಯಲ್ಲಿ ಊಟಕ್ಕೆ ಮುಂಚೆ ಹೇಳಿಸುತ್ತಿದ್ದ ಪ್ರಾರ್ಥನೆಗೆ ಅವನು ಕಾಯುತ್ತಿದ್ದಾನೆ ಎಂದು ತೇಜಶ್ರೀಗೆ ಗೊತ್ತಾಯಿತು. ಆ ಪ್ರಾರ್ಥನೆ ಅಲ್ಲಿದ್ದ ಯಾರಿಗೂ ಬರುತ್ತಿರಲಿಲ್ಲ. ಕೊನೆಗೆ ನಿಂಗಕ್ಕ ಪಕ್ಕದಲ್ಲಿ ಕೂತು, ಚಿಕ್ಕವನಿದ್ದಾಗ ತಿನ್ನಿಸುತ್ತಿದ್ದ ಹಾಗೆ, ಮುದ್ದೆ ಮುರಿದು ಸೊಪ್ಪಿನ ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಆಗ ನುಂಗಿದ. ಪ್ರತಿ ತುತ್ತಿಗೂ ಅವಳ ಮುಖ ನೋಡಿ ನುಂಗಿದ.

ಅವಳ ಅಪ್ಪ ಇದ್ದಾಗ ಜೋಗಪ್ಪನಿಗೊಂದು ಕೆಲಸವಿತ್ತು. ಕುರಿಗಳು ಗುಡ್ಡಕ್ಕೆ ಹೋದ ಮೇಲೆ ಎಳೆ ಮರಿಗಳು ರೊಪ್ಪದಲ್ಲಿ, ಮುಳ್ಳುಬೇಲಿಯ ಒಳಗೆ ಉಳಿಯುತ್ತಿದ್ದವು. ಅವುಗಳ ಮಧ್ಯೆ ದಿನವಿಡೀ ಕೂತು ನಾಯಿ ಓಡಿಸುವುದು ಅವನ ಕೆಲಸ. ಕೂಗಾಡುತ್ತಿದ್ದ, ಹಾಡುತ್ತಿದ್ದ, ಮರಿಗಳ ಜೊತೆ ಜಗಳವಾಡುತ್ತಿದ್ದ. ಯಾರಿಗೂ ತೊಂದರೆಯಿರಲಿಲ್ಲ. ಅಪ್ಪ ಸತ್ತ, ಕುರಿ ಮಾರಿದರು, ರೊಪ್ಪ ಹೋಯಿತು. ಈಗ ಹಿತ್ತಲಲ್ಲಿ ವೀರೇಶ ಸಾಕಿಕೊಂಡ ನಾಲ್ಕು ಕುರಿ, ಒಂದು ಮರಿ.

ತೇಜಶ್ರೀ ಅವನನ್ನು ಹಿತ್ತಲಿಗೆ ಕರೆದೊಯ್ದಳು. ಮರಿ ತಾನಾಗಿಯೇ ಬಂದು ಅವನ ಮೊಣಕಾಲಿಗೆ ಮೂತಿ ಒರೆಸಿತು. ಜೋಗಪ್ಪನ ಕೈ ಎದೆಯಿಂದ ಬಿಚ್ಚಿ ಅರ್ಧದವರೆಗೆ ಹೋಯಿತು. ಅಲ್ಲಿಯೇ ನಿಂತಿತು. ಎಷ್ಟೋ ಹೊತ್ತು ಗಾಳಿಯಲ್ಲೇ ನಿಂತಿತ್ತು ಆ ಕೈ. ಆಮೇಲೆ ಮತ್ತೆ ಎದೆಗೆ ಹೋಯಿತು.

"ಮುಟ್ಟಬಾರದು," ಅಂದ ಅವನು ಮರಿಗೆ. "ಗಲೀಜು."

ನೋಡುತ್ತಿದ್ದ ನಿಂಗಕ್ಕ ಹಿತ್ತಲ ಬಾಗಿಲ ಹೊಸ್ತಿಲ ಮೇಲೆ ಕೂತುಬಿಟ್ಟಳು.

"ನಿಂಗಕ್ಕ," ತೇಜಶ್ರೀ ಪಕ್ಕದಲ್ಲಿ ಬಂದು ಕೂತಳು. "ಅಲ್ಲಿಗೆ ಸೇರಿಸೋ ಮುಂಚೆ ಇಲ್ಲಿ ಹೆಂಗಿದ್ದ?"

"ಹೆಂಗಿದ್ದ ಅಂದ್ರೆ? ಅಪ್ಪ ಸತ್ತ ಮ್ಯಾಲೆ ನಾವಿಬ್ರೂ ಕೂಲಿಗೋಗಾದು. ಮಕ್ಳು ಸ್ಕೂಲಿಗೆ. ಇವ್ನು ಕುರಿ ಹುಡ್ಕಂಡು ಹೊಂಟುಬಿಡಾನು. ಒಂದಿನ ರೋಡಿಗೋಗಿ ಲಾರಿ ಮುಂದೆ ಕೂತುಬಿಟ್ಟಿದ್ದ. ಆ ಡ್ರೈವರ್ ಇಳಿದು ಬಂದು ನನ್ನ ಕಪಾಳಕ್ಕೆ ಹೊಡಿಯಾದೊಂದು ಬಾಕಿ." ಅವಳು ಬೇವಿನ ಮರದ ಕಡೆ ಗದ್ದ ತೋರಿಸಿದಳು. "ಅದಕ್ಕೆ ಕಟ್ಟಿ ಹೋಗ್ತಿದ್ವಿ. ಕಾಲಿಗೆ. ನೆಳ್ಳಿಗೇ ಕಟ್ಟಿದ್ದೆ, ನೀರು ಇಟ್ಟು ಹೋಗ್ತಿದ್ದೆ. ಸಂಜಿಗೆ ಬಂದ್ರೆ ಕಾಲು ಕಿತ್ತೋಗಿರದು. ಬೇವಿನೆಲೆ ಅರ್ದು ಹಚ್ಚಾದು, ಬೆಳಿಗ್ಗೆ ಮತ್ತೆ ಕಟ್ಟಾದು."

ಇದನ್ನು ಓದಿ ನಿಂಗಕ್ಕನನ್ನು ಬಯ್ಯುವವರು ಸ್ವಲ್ಪ ತಡೆಯಬೇಕು. ಆ ಹಗ್ಗವನ್ನು ಊರು ಕಂಡಿತ್ತು. ಓಟು ಕೇಳಲು ಬಂದವರು ಕಂಡಿದ್ದರು, ಮನೆ ಎಣಿಸಲು ಬಂದವರು ಕಂಡಿದ್ದರು. ಹಗಲು ಹೊತ್ತು ಅವನ ಜೊತೆ ಇರುವುದಕ್ಕೆ ಒಬ್ಬ ಮನುಷ್ಯನನ್ನು ಕೊಡುತ್ತೇವೆ ಎಂದು ಒಬ್ಬರೂ ಹೇಳಲಿಲ್ಲ. ಅವಳಿಗೆ ಇದ್ದದ್ದು ಎರಡೇ. ಒಂದು ಬೇವಿನ ಮರ, ಇನ್ನೊಂದು ಚಳ್ಳಕೆರೆ.

"ಅಲ್ಲಿ ಅವ್ನ ಕಾಲಿಗೆ ಹಗ್ಗ ಇಲ್ಲ ಅಂತ ನೆಮ್ಮದಿಯಾಗಿದ್ದೆ ತಾಯಿ," ಅಂದಳು ನಿಂಗಕ್ಕ. ಬೆಳಿಗ್ಗೆಯಿಂದ ಮೇಡಂ ಅನ್ನುತ್ತಿದ್ದವಳು. "ಮರಿ ಮುಟ್ಟದಂಗೆ ಮಾಡವ್ರಲ್ಲ. ಹೆಂಗೆ ಮಾಡಿದ್ರು ಅದನ್ನ? ನಾನು ಕಟ್ಟಿ ಹೋದಾಗ್ಲೂ ಅವ್ನು ಕಿರುಚಾನು, ನನ್ನ ಬಯ್ಯಾನು, ಹಗ್ಗ ಕಡಿಯಾನು. ನಮ್ಮ ಜೋಗನೇ ಆಗಿದ್ದ."

ತೇಜಶ್ರೀ ಚೀಲದಿಂದ ಪುಸ್ತಕ ತೆಗೆದು ಮೊಣಕಾಲ ಮೇಲಿಟ್ಟುಕೊಂಡಳು.

"ನೀನು ಏನಂತ ಬರೀತೀಯ?"

"ನೋಡಿದ್ದನ್ನ ಬರೀತೀನಿ ಅಕ್ಕ. ಮನೆ ಚೊಕ್ಕಟ ಐತೆ, ಅದರೊಳಗಿರೋರಿಗೆ ಬದುಕಿಲ್ಲ ಅಂತ."

ನಿಂಗಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಬರೆದ್ರೆ?"

"ದುಡ್ಡು ನಿಲ್ಲಿಸಬೌದು. ನಾನು ಅದನ್ನ ಕೇಳಲ್ಲ. ಬೀಗ ತೆಗೀರಿ, ಇನ್ನೊಬ್ಬರನ್ನ ಕೆಲಸಕ್ಕೆ ಇಡ್ರಿ, ಅವರನ್ನ ಹೊರಗೆ ಕರ್ಕಂಡು ಹೋಗ್ರಿ, ಊರಿಗೆ ಕಳಿಸ್ರಿ ಅಂತ ಬರೀತೀನಿ."

"ಮ್ಯಾಲಿನೋರು ಅಷ್ಟು ದೂರ ಓದ್ತಾರಾ?"

ತೇಜಶ್ರೀ ಸುಳ್ಳು ಹೇಳಬಹುದಿತ್ತು. "ಗೊತ್ತಿಲ್ಲ ಅಕ್ಕ," ಅಂದಳು. "ಹಿಂದೆ ಎರಡು ಕಡೆ ಬರೆದಿದ್ದೆ. ಎರಡೂ ಕಡೆ ಮುಚ್ಚಿಬಿಟ್ರು."

"ಮುಚ್ಚಿದ ಮ್ಯಾಲೆ ಅಲ್ಲಿದ್ದೋರು?"

"ಮನೆಗೆ ಕಳಿಸಿದ್ರು."

ವೀರೇಶ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಅವನು ಕೆಟ್ಟವನಲ್ಲ. ಹೊರಗೆ ಬಂದು, ಹೆಂಡತಿಯ ಕಡೆ ನೋಡದೆ, ಬೇವಿನ ಮರದ ಕಡೆಯೂ ನೋಡದೆ ತೇಜಶ್ರೀಗೆ ಹೇಳಿದ: "ನೋಡಮ್ಮ, ಇಟ್ಕಳ್ಳಾದಾದ್ರೆ ಇಟ್ಕಳ್ಳನ. ನನ್ನದೇನೂ ಇಲ್ಲ. ನಾಳೆಯಿಂದ ಮನೇಲಿ ಯಾರು ಕೂರ್ತಾರೆ ಅದನ್ನ ಹೇಳು ಸಾಕು."

ಇಬ್ಬರ ಕೂಲಿಯಲ್ಲಿ ಒಂದು ಕೂಲಿ ನಿಂತರೆ ಮಗಳ ಕಾಲೇಜು ನಿಲ್ಲುತ್ತದೆ. ಇಲ್ಲವೆಂದರೆ ಆ ಹುಡುಗಿಯನ್ನೇ ಮನೆಯಲ್ಲಿ ಕೂರಿಸಬೇಕಾಗುತ್ತದೆ. ಈ ಲೆಕ್ಕ ನಿಂಗಕ್ಕ ಎಷ್ಟು ಸಲ ಮಾಡಿದ್ದಳೋ. ಎದ್ದು ಹೋಗಿ ತಮ್ಮನ ಮುಂದೆ ನಿಂತಳು.

"ಜೋಗಾ, ಇಲ್ಲೇ ಇರ್ತೀಯಾ?"

"ಇರ್ತೀನಿ."

"ಚಳ್ಳಕೆರೆಗೆ ಹೋಗ್ತೀಯಾ?"

"ಹೋಗ್ತೀನಿ."

"ಯಾವ್ದಪ್ಪ? ನಿನಗೆ ಯಾವ್ದು ಬೇಕು ಅದು ಹೇಳು."

ಅವನು ಅಕ್ಕನ ಮುಖ ನೋಡಿದ, ತೇಜಶ್ರೀಯ ಮುಖ ನೋಡಿದ, ಭಾವನ ಮುಖ ನೋಡಿದ. ಮೂರು ಮುಖಗಳಲ್ಲಿ ಎಲ್ಲೂ ಸರಿಯಾದ ಉತ್ತರ ಬರೆದಿರಲಿಲ್ಲ. ಅವನ ಹಣೆ ಬೆವರಿತು. ಎಡಗೈ ಮೆಲ್ಲಗೆ ಮುಂದೆ ಬಂತು, ಹೊಡೆದುಕೊಳ್ಳುವುದಕ್ಕೆ. ನಿಂಗಕ್ಕ ಆ ಕೈಯನ್ನು ಹಿಡಿದುಕೊಂಡಳು.

"ಆಯ್ತು ಬಿಡು. ಕೇಳಲ್ಲ."

ಆಮೇಲೆ ತೇಜಶ್ರೀಯ ಕಡೆ ತಿರುಗಿದಳು. "ಚೆನ್ನಾಗೈತೆ ಅಂತ ಬರಿ ತಾಯಿ. ಅಲ್ಲಿ ಮರಿಯಿಲ್ಲ, ಹಾಡಿಲ್ಲ, ಅವ್ನೂ ಇಲ್ಲ. ಆದ್ರೂ ಚೆನ್ನಾಗೈತೆ ಅಂತ ಬರಿ. ಇಲ್ಲಂದ್ರೆ ನಾಳೆ ಬೆಳಿಗ್ಗೆ ನಾನೇ ನನ್ನ ಕೈಯಾರೆ ಕಟ್ಟಬೇಕು. ಈ ಸಲ ಅವ್ನು ಕಿರುಚಾದೂ ಇಲ್ಲ. ಕಾಲು ತಾನೇ ಮುಂದೆ ಚಾಚ್ತಾನೆ."

"ಹಂಗೆ ಬರೆಯೋಕೆ ನನ್ನಿಂದ ಆಗಲ್ಲ ಅಕ್ಕ," ಅಂದಳು ತೇಜಶ್ರೀ.

"ಹಂಗಾದ್ರೆ ನೀನೂ ನಾನೂ ಇಬ್ರೂ ಕೂಡೇ ಇವ್ನನ್ನ ಕೊಂದಂಗಾಯ್ತು. ನೀನು ನಿಜ ಬರೆದು, ನಾನು ಸುಳ್ಳು ಬರಿ ಅಂದು."

ಸಂಜೆಯ ಬಸ್ಸಿನ ಹೊತ್ತಿಗೆ ಜೋಗಪ್ಪ, ಅವನನ್ನು ಚಳ್ಳಕೆರೆಗೆ ಬಿಡಬೇಕಿದ್ದ ತೇಜಶ್ರೀ, ನಿಂಗಕ್ಕ ಮೂವರೂ ರಸ್ತೆಗೆ ಬಂದರು. ಕಾಟಮ್ಮ ಹುರಿದ ಶೇಂಗಾದ ಪೊಟ್ಟಣ ತಂದುಕೊಟ್ಟಳು. ಬೆಳಿಗ್ಗೆಯಿಂದ ನಿಂಗಕ್ಕನ ಎದೆಯಲ್ಲಿ ಒಂದು ಭಯ ಕೂತಿತ್ತು. ಎರಡು ವರ್ಷದ ಕೆಳಗೆ ಇದೇ ಜಾಗದಲ್ಲಿ ಅವನನ್ನು ಹತ್ತಿಸಲು ನಾಲ್ಕು ಜನ ಗಂಡಸರು ಬೇಕಾಗಿದ್ದರು. ನೆಲಕ್ಕೆ ಬಿದ್ದು ಹೊರಳಾಡಿದ್ದ. ಅವಳ ಸೀರೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದ. ಅಕ್ಕಾ ಅಕ್ಕಾ ಎಂದು ಅವನು ಕೂಗಿದ್ದು ಬಸ್ಸು ತಿರುವು ದಾಟುವ ತನಕ ಕೇಳಿಸಿತ್ತು. ಇವತ್ತೂ ಹಾಗೇ ಆದರೆ ತಾನು ತಡೆಯಲಾರೆ ಎಂದು ಅವಳಿಗೆ ಗೊತ್ತಿತ್ತು. ಅವನು ಒಂದು ಸಲ ಕೂಗಿದರೆ ಸಾಕು, ಮಗಳ ಕಾಲೇಜು, ಕೂಲಿ, ಎಲ್ಲ ಹಾಳಾಗಲಿ ಎಂದು ಇಳಿಸಿಕೊಂಡುಬಿಡುತ್ತಿದ್ದಳು.

ಬಸ್ಸು ಬಂದು ನಿಂತಿತು.

"ಹತ್ತಪ್ಪ," ಅಂದಳು, ತನಗೇ ಕೇಳಿಸದಷ್ಟು ಮೆಲ್ಲಗೆ.

ಜೋಗಪ್ಪ ಹತ್ತಿದ. ಕಿಟಕಿಯ ಪಕ್ಕ ಕೂತ, ಕೈ ಕಟ್ಟಿಕೊಂಡ, ಮುಂದಿನ ಸೀಟಿನ ಬೆನ್ನನ್ನು ನೋಡತೊಡಗಿದ. ನಿಂಗಕ್ಕ ಕಿಟಕಿಯ ಕಂಬಿ ಹಿಡಿದುಕೊಂಡು, ಕಂಡಕ್ಟರ್ ಸೀಟಿ ಊದುವ ತನಕ, "ಕೂಗೋ ಜೋಗಾ, ಒಂದ್ಸಲ ಕೂಗೋ" ಎಂದು ಅನ್ನುತ್ತಲೇ ಇದ್ದಳು.

ಅವನು ತುಟಿಯ ಮೇಲೆ ಬೆರಳಿಟ್ಟು, ಗಲಾಟೆ ಮಾಡಬಾರದು ಎಂದು ಅವಳಿಗೆ ತೋರಿಸಿದ.